ಹಿಡಿದ ಕೈಯನ್ನು ಬರೆಯುವ ಬಗೆ

ಆರೈಕೆಯನ್ನು ಚಿತ್ರದಲ್ಲಿ ತೋರಿಸಬೇಕೆಂದಿದ್ದರೆ ಮುಖವನ್ನು ಬಿಟ್ಟು ಕೈಗಳಿಂದ ಆರಂಭಿಸಿರಿ. ಜರ್ಮನ್ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್ ಸುಮಾರು 1508ರಲ್ಲಿ ನೀಲಿ ಕಾಗದದ ಮೇಲೆ ಜೋಡಿಸಿದ ಎರಡು ಕೈಗಳನ್ನಷ್ಟೇ ಬರೆದು ಇಡೀ ಪ್ರಾರ್ಥನೆಯನ್ನು ಕಾಣಿಸಿದನು. ಮಲೆನಾಡಿನ ಸಾಗರ ಊರಿನ ಕಡೆ ಅಡಿಕೆ ಸುಲಿಯುವ ಕಾಲದಲ್ಲಿ ಅಜ್ಜಿಯ ಪಕ್ಕ ಕುಳಿತು, ಅಡಿಕೆಯ ಒಗರು ರಸವಾದ ಚೊಗರಿನಿಂದ ಕಪ್ಪಾದ ಅವರ ಬೆರಳುಗಳು ಮೊಮ್ಮಗುವಿನ ಕೈಯನ್ನು ಹಿಡಿಯುವುದನ್ನು ನೋಡಿರಿ. ಮೊದಲು ಎರಡೂ ಕೈಗಳನ್ನು ಒಂದೇ ಆಕಾರವಾಗಿ ತೆಳುವಾಗಿ ಗುರುತಿಸಿ, ಬೆರಳುಗಳನ್ನು ಆಮೇಲೆ ಬಿಡಿಸಿರಿ. ಹೆಬ್ಬೆರಳು ಒತ್ತುವಲ್ಲಿ ಚರ್ಮ ತುಸು ತಗ್ಗಿ ಅಂಚಿನಲ್ಲಿ ಸಣ್ಣ ನೆರಳು ಬೀಳುತ್ತದೆ. ಹಿಡಿತವು ಬಿಗಿಯೋ ಮೃದುವೋ ಎಂಬುದು ಈ ನೆರಳಿನಿಂದಲೇ ತಿಳಿಯುವುದರಿಂದ ಇಲ್ಲಿ ಅವಸರ ಬೇಡ. ಉಗುರಿಗೆ ಒಂದೊಂದು ಗೆರೆ ಸಾಕು. ಮಲೆನಾಡಿನ ಗೋಡೆಚಿತ್ರವಾದ ಹಸೆ ಚಿತ್ತಾರದಂತೆ ಕೆಮ್ಮಣ್ಣಿನ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಬರೆಯುವುದಾದರೆ ನೆರಳಿನ ನೆರವು ಸಿಗದು; ಆಗ ಕೈಗಳು ಕೂಡುವಲ್ಲಿ ಗೆರೆಯನ್ನು ಕಡಿಯದೆ ಒಂದರಿಂದ ಇನ್ನೊಂದಕ್ಕೆ ಹರಿಸಿರಿ.