ಮುದ್ದೆ ತಟ್ಟೆಗೆ ವಾಪಸ್ ಬಂತು, ತೂಕ ಬರಲಿಲ್ಲ

ಎಂಟು ತಿಂಗಳು ನಾನು ಅನ್ನ, ಮುದ್ದೆ, ಚಪಾತಿ ಯಾವುದನ್ನೂ ಮುಟ್ಟಲಿಲ್ಲ. 2023ರ ಜನವರಿಯಲ್ಲಿ 78.4 ಕೆ.ಜಿ. ಇದ್ದವಳು ಆಗಸ್ಟ್ ಕೊನೆಗೆ 67ಕ್ಕೆ ಇಳಿದೆ. ಈ ಲೋ ಕಾರ್ಬ್‌ನಿಂದ, ಅಂದರೆ ಕಾರ್ಬೋಹೈಡ್ರೇಟ್ ಕಮ್ಮಿ ತಿನ್ನುವ ಡಯಟ್‌ನಿಂದ, ನನಗೆ ಉಪಯೋಗ ಆಗಿದೆ, ಅದನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಆದರೆ ಜೀವನಪೂರ್ತಿ ಹಾಗೇ ಇರುವುದು ನನ್ನಿಂದ ಆಗುತ್ತಿರಲಿಲ್ಲ. ಮಲಬದ್ಧತೆ ಶುರುವಾಗಿತ್ತು, ತಲೆ ಬಾಚಿದರೆ ಕೂದಲು ಕೈತುಂಬ ಬರುತ್ತಿತ್ತು. ಮನೆಯವರಿಗೆಲ್ಲ ಒಂದು ಅಡುಗೆ, ನನಗೊಂದು ಅಡುಗೆ. ನಾವು ಮಂಡ್ಯ ಕಡೆಯವರು, ಈಗ ಮೈಸೂರಿನಲ್ಲಿ ಇದ್ದೇವೆ. ಒಂದು ಒಲೆಯಲ್ಲಿ ಬಸ್ಸಾರು ಕುದಿಯುತ್ತಿರುವಾಗ ಪಕ್ಕದ ಒಲೆಯಲ್ಲಿ ನನಗೊಬ್ಬಳಿಗೆ ಪನೀರ್ ಹುರಿದುಕೊಳ್ಳುವುದು ಎಷ್ಟು ದಿನ ಅಂತ ಮಾಡಲಿ?

ಆ ವರ್ಷ ಗೌರಿ ಹಬ್ಬಕ್ಕೆ ಊರಿಗೆ ಹೋದೆ. ಇನ್ನು ಸಾಕು, ಎಲ್ಲರ ಹಾಗೆ ಊಟ ಮಾಡೋಣ ಅಂತ ತೀರ್ಮಾನಿಸಿದೆ. ಐದೇ ದಿನ. ವಾಪಸ್ ಬಂದು ತೂಕ ನೋಡಿದರೆ 2.4 ಕೆ.ಜಿ. ಜಾಸ್ತಿ. ಅಳುವೇ ಬಂತು. ಮಾರನೇ ದಿನದಿಂದ ಮತ್ತೆ ಅನ್ನ ಬಂದ್. ಮೂರು ದಿನದಲ್ಲಿ ಎರಡು ಕೆ.ಜಿ. ಇಳಿಯಿತು. ಆಗ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತದ್ದು ಒಂದೇ: ಅನ್ನ ತಿಂದರೆ ಕೊಬ್ಬು ಬರುತ್ತೆ. ಒಂದು ವಾರ ಬಿಡುವುದು, ಒಂದು ವಾರ ತಿನ್ನುವುದು, ಹೀಗೇ ಎರಡು ತಿಂಗಳು ನಡೆಯಿತು. ದೀಪಾವಳಿ ಹೊತ್ತಿಗೆ ತೂಕ 70 ದಾಟಿತು.

ಒಂದು ದಿನ ಕೂತು ಲೆಕ್ಕ ಹಾಕಿದೆ. ಮೈಯಲ್ಲಿ ಒಂದು ಕೆ.ಜಿ. ಕೊಬ್ಬು ಸೇರಬೇಕಾದರೆ ಸುಮಾರು 7,700 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು. ಐದು ದಿನದಲ್ಲಿ 2.4 ಕೆ.ಜಿ. ಕೊಬ್ಬು ಅಂದರೆ ನನ್ನ ಮಾಮೂಲಿ ಊಟದ ಮೇಲೆ ದಿನಕ್ಕೆ 3,700 ಕ್ಯಾಲೊರಿ. ಎಷ್ಟು ಒಬ್ಬಟ್ಟು ತಿಂದರೂ ಅಷ್ಟಾಗಲ್ಲ. ಹಾಗಾದರೆ ಆ ತೂಕ ಏನು? ಬಹುಪಾಲು ನೀರು. ಅನ್ನ, ಮುದ್ದೆಯಲ್ಲಿರುವ ಕಾರ್ಬೋಹೈಡ್ರೇಟನ್ನು ದೇಹ ಗ್ಲೈಕೋಜನ್ ಅನ್ನುವ ರೂಪದಲ್ಲಿ ಲಿವರ್‌ನಲ್ಲಿ, ಸ್ನಾಯುಗಳಲ್ಲಿ ಕೂಡಿಡುತ್ತದೆ. ಅದು ಒಟ್ಟು 400–500 ಗ್ರಾಂ ಇರಬಹುದು, ಆದರೆ ಪ್ರತಿ ಗ್ರಾಂ ಜೊತೆಗೆ ಸುಮಾರು 3 ಗ್ರಾಂ ನೀರು ನಿಲ್ಲುತ್ತದೆ. ಲೋ ಕಾರ್ಬ್ ಶುರು ಮಾಡಿದ ಮೊದಲ ವಾರ ಸರ್ರನೆ ಇಳಿದದ್ದು ಇದೇ ನೀರು. ಊಟ ಬದಲಾದಾಗ ಅದು ತನ್ನ ಜಾಗಕ್ಕೆ ಬರಲೇಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ನನ್ನ ಹಾಗೇ ಹೆದರಿ ಹಿಂದಕ್ಕೆ ಓಡುತ್ತಾರೆ.

ಆದರೆ ದೀಪಾವಳಿ ತೂಕದಲ್ಲಿ ಎಲ್ಲವೂ ನೀರಲ್ಲ. ಸೊಂಟದ ಅಳತೆಯೂ ಎರಡು ಸೆಂಟಿಮೀಟರ್ ಏರಿತ್ತು. ನಿಜವಾದ ತಪ್ಪು ಹುಡುಕೋಣ ಅಂತ ಮೂರು ದಿನ ತಿಂದದ್ದನ್ನೆಲ್ಲ ಬರೆದಿಟ್ಟೆ. ನೋಡಿದ ತಕ್ಷಣ ಗೊತ್ತಾಯಿತು. ಅನ್ನ ವಾಪಸ್ ಬಂದಿತ್ತು, ಆದರೆ ಲೋ ಕಾರ್ಬ್‌ಗೆ ಅಂತ ರೂಢಿ ಮಾಡಿಕೊಂಡ ತುಪ್ಪ, ಹುರಿದ ಪನೀರ್, ಕಡಲೆಕಾಯಿ ಬೀಜ, ಕೊಬ್ಬರಿ ಯಾವುದೂ ಹೋಗಿರಲಿಲ್ಲ. ಎರಡು ಡಯಟ್ ಒಂದೇ ತಟ್ಟೆಯಲ್ಲಿ! ಎರಡು ದೊಡ್ಡ ಚಮಚ ತುಪ್ಪ ಅಂದರೆ 250 ಕ್ಯಾಲೊರಿ ಹತ್ತಿರ. ಒಂದು ಹಿಡಿ ಕಡಲೆಕಾಯಿ ಬೀಜ, 30 ಗ್ರಾಂ ಅಂದುಕೊಳ್ಳಿ, 170. ಅನ್ನ ಬಿಟ್ಟಿದ್ದಾಗ ಹೊಟ್ಟೆ ತುಂಬಿಸುತ್ತಿದ್ದದ್ದು ಇವೇ. ಅನ್ನದ ಜೊತೆಗೆ ಸೇರಿದಾಗ ಲೆಕ್ಕ ತಪ್ಪುವುದು ಸಹಜ ಅಲ್ವಾ? ಇದೊಂದನ್ನು ಹಿಡಿದ ಮೇಲೆ ನನಗೆ ಉಳಿದದ್ದೆಲ್ಲ ಸುಲಭ ಆಯಿತು. ಮುದ್ದೆಗೆ ತಟ್ಟೆಯಲ್ಲಿ ಜಾಗ ಬೇಕಾದರೆ ತುಪ್ಪ ಎದ್ದು ಜಾಗ ಬಿಡಬೇಕು.

ಎರಡು ವಾರ ಹಳೇ ಲೋ ಕಾರ್ಬ್ ಡಯಟ್‌ನಲ್ಲೇ ಇದ್ದು, ತೂಕ 68.2ಕ್ಕೆ ಬಂದ ಮೇಲೆ, ಡಿಸೆಂಬರ್ ಮೊದಲ ವಾರ ಮತ್ತೆ ಶುರು ಮಾಡಿದೆ. ಈ ಸಲ ಒಂದು ಹೊತ್ತು ಮಾತ್ರ. ಮಧ್ಯಾಹ್ನ ಅರ್ಧ ಮುದ್ದೆ.

ನಮ್ಮ ಅತ್ತೆ ಮುದ್ದೆ ಮಾಡುವುದನ್ನು ಅಲ್ಲಿವರೆಗೆ ನಾನು ಸರಿಯಾಗಿ ನೋಡಿರಲೇ ಇಲ್ಲ ಅನ್ನಿಸುತ್ತೆ. ಎಸರು ಮರಳುವಾಗ ಹಿಟ್ಟನ್ನು ಗುಡ್ಡೆಯಾಗಿ ಸುರಿಯುತ್ತಾರೆ, ಕಲಕುವುದಿಲ್ಲ. ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೋಲಿನಿಂದ ತಿರುವುತ್ತಾರೆ. ಆಮೇಲೆ ಮಣೆ ಮೇಲೆ ನೀರು ಚಿಮುಕಿಸಿ, ಕೈ ಒದ್ದೆ ಮಾಡಿಕೊಂಡು ಬಿಸಿಬಿಸಿಯಾಗಿ ಉರುಳಿಸುತ್ತಾರೆ. ಅವತ್ತು ನಾನು ಹಿಟ್ಟು ತೂಗಿ ಕೊಟ್ಟೆ, 360 ಗ್ರಾಂ. ನಾಲ್ಕು ಮುದ್ದೆ ಆಯಿತು, ಒಂದಕ್ಕೆ 90 ಗ್ರಾಂ ಹಿಟ್ಟು, ಸುಮಾರು 300 ಕ್ಯಾಲೊರಿ. "ನಂಗೆ ಚಿಕ್ಕದು ಕಟ್ಟಿ ಅತ್ತೆ" ಅಂದೆ. "ನಲವತ್ತು ವರ್ಷದಿಂದ ಕೈಗೆ ಇದೇ ಅಳತೆ ಕೂತೈತೆ ಕಣವ್ವ, ಚಿಕ್ಕದು ಕಟ್ಟಕ್ಕೆ ನಂಗೆ ಬರಕಿಲ್ಲ" ಅಂದರು. ಆಮೇಲೆ ಅವರೇ ಒಂದು ದಾರದಿಂದ ಮುದ್ದೆಯನ್ನು ಎರಡು ಭಾಗ ಮಾಡಿ, ಒಂದನ್ನು ನನ್ನ ತಟ್ಟೆಗೆ ಹಾಕಿದರು. ಇವತ್ತಿಗೂ ಹಾಗೇ ನಡೆಯುತ್ತಿದೆ. ಜೊತೆಗೆ ಎರಡು ಸೌಟು ಮಸ್ಸೊಪ್ಪು ಅಥವಾ ಕಾಳಿನ ಸಾರು, ಒಂದು ದೊಡ್ಡ ಬಟ್ಟಲು ಪಲ್ಯ, ಒಂದು ಮೊಟ್ಟೆ. ತುಪ್ಪ ಒಂದು ಸಣ್ಣ ಚಮಚ, ಅಷ್ಟೇ.

ಆರನೇ ದಿನ ತೂಕ 69.5. ಈ ಸಲ ಹೆದರಲಿಲ್ಲ. ಹೊಕ್ಕುಳದ ಮಟ್ಟದಲ್ಲಿ ಟೇಪ್ ಹಿಡಿದು ನೋಡಿದೆ, 86 ಸೆಂಟಿಮೀಟರ್, ಮೊದಲಿದ್ದಷ್ಟೇ. ಮುಂದಿನ ಎರಡು ವಾರ ತೂಕ ಅಲ್ಲೇ ನಿಂತಿತು. ದಿನದಿನದ ತೂಕ ನಂಬಬೇಡಿ ಅಂತ ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಬೆಳಿಗ್ಗೆ ಎದ್ದು ಶೌಚ ಮುಗಿಸಿ, ನೀರು ಕುಡಿಯುವ ಮೊದಲು ನೋಡಿ, ಬರೆದಿಡಿ. ಏಳು ದಿನದ್ದನ್ನು ಕೂಡಿ ಏಳರಿಂದ ಭಾಗಿಸಿ. ಆ ಸರಾಸರಿ ಎರಡು ಮೂರು ವಾರ ಏರುತ್ತಲೇ ಹೋದರೆ, ಸೊಂಟವೂ ಏರಿದರೆ, ಆಗ ಮಾತ್ರ ಯೋಚನೆ ಮಾಡಿ.

ಮೂರು ವಾರ ಆದ ಮೇಲೆ ತಿಂಡಿಗೆ ಎರಡು ಇಡ್ಲಿ ಅಥವಾ ನುಗ್ಗೆಸೊಪ್ಪು ಹಾಕಿದ ಒಂದು ರಾಗಿ ರೊಟ್ಟಿ ಸೇರಿಸಿದೆ, ಮೂರು ಮೊಟ್ಟೆಯ ಬೆಣ್ಣೆ ಆಮ್ಲೆಟ್ ಬಿಟ್ಟೆ. ಜನವರಿ ಕೊನೆಗೆ ರಾತ್ರಿ ಅನ್ನ ಬಂತು, ಅಕ್ಕಿ ತೂಕದಲ್ಲಿ 40 ಗ್ರಾಂ. ಮೊದಲು ಕೋಸಂಬರಿ, ಪಲ್ಯ ತಿಂದು, ಆಮೇಲೆ ಹುಳಿ ಅನ್ನ, ಮೊಸರು. ಈ ಕ್ರಮದಲ್ಲಿ ತಿಂದರೆ ಹೊಟ್ಟೆ ಬೇಗ ತುಂಬುತ್ತೆ, ಊಟದ ನಂತರ ರಕ್ತದಲ್ಲಿ ಸಕ್ಕರೆಯೂ ಅಷ್ಟು ಏರುವುದಿಲ್ಲ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಮಾರ್ಗಸೂಚಿಯಲ್ಲಿ 2,000 ಕ್ಯಾಲೊರಿಯ ದಿನಕ್ಕೆ ಸುಮಾರು 250 ಗ್ರಾಂ ಧಾನ್ಯ ಇದೆ. ಧಾನ್ಯದಿಂದ ಬರುವ ಶಕ್ತಿ ಶೇ. 45 ದಾಟಬಾರದು ಅಂತಲೂ ಇದೆ. ನನಗೆ ಅಷ್ಟೂ ಬೇಡ. 78 ಕೆ.ಜಿ. ದೇಹಕ್ಕೆ ಬೇಕಾದಷ್ಟು ಊಟ 68 ಕೆ.ಜಿ. ದೇಹಕ್ಕೆ ಬೇಕಾಗುವುದಿಲ್ಲ, ಈ ಮಾತನ್ನು ಒಪ್ಪಿಕೊಳ್ಳಲೇಬೇಕು. ದಿನಕ್ಕೆ 140–160 ಗ್ರಾಂ ಧಾನ್ಯಕ್ಕೆ ನನ್ನ ತೂಕ ನಿಂತಿದೆ.

ಎಣ್ಣೆಗೆ ಚಮಚದ ಲೆಕ್ಕ ಇಟ್ಟುಕೊಳ್ಳುವುದು ಕಷ್ಟ. ಅದಕ್ಕೆ ಕ್ಯಾನ್ ಮೇಲೆ ತಾರೀಖು ಬರೆಯಲು ಶುರು ಮಾಡಿದೆ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕೂವರೆ ಲೀಟರ್ ಹೋಗುತ್ತಿತ್ತು. ಈಗ ಮೂರು ಲೀಟರ್, ಅಂದರೆ ಒಬ್ಬರಿಗೆ ದಿನಕ್ಕೆ 25 ಎಂ.ಎಲ್. ರುಚಿ ಕಮ್ಮಿ ಆಯಿತು ಅಂತ ಯಾರೂ ಹೇಳಲಿಲ್ಲ.

ರಾತ್ರಿ ಊಟದ ನಂತರ ಕಾಲು ಗಂಟೆ ನಡೆಯುತ್ತೇನೆ. ವಾರಕ್ಕೆ ಮೂರು ದಿನ ಬಸ್ಕಿ, ಗೋಡೆಗೆ ದಂಡ, ಐದು ಲೀಟರ್ ಕ್ಯಾನ್ ಎತ್ತುವುದು. ಮಲಬದ್ಧತೆ ಒಂದೇ ತಿಂಗಳಲ್ಲಿ ಹೋಯಿತು, ಕೂದಲು ನಿಲ್ಲಲು ಆರು ತಿಂಗಳು ಬೇಕಾಯಿತು. ನನಗೆ ಶುಗರ್ ಇಲ್ಲ. ನೀವು ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ ದಯವಿಟ್ಟು ಡಾಕ್ಟರನ್ನು ಕೇಳದೆ ಊಟ ಬದಲಾಯಿಸಬೇಡಿ.

2024ರ ಗೌರಿ ಹಬ್ಬಕ್ಕೆ ಮತ್ತೆ ಊರಿಗೆ ಹೋಗಿದ್ದೆ. ಎರಡು ಒಬ್ಬಟ್ಟು ತಿಂದೆ, ಆ ಹೊತ್ತು ಅನ್ನ ಹಾಕಿಸಿಕೊಳ್ಳಲಿಲ್ಲ. ಮಾರನೇ ಬೆಳಿಗ್ಗೆ 1.1 ಕೆ.ಜಿ. ಜಾಸ್ತಿ ತೋರಿಸಿತು. ಪುಸ್ತಕದಲ್ಲಿ ಬರೆದಿಟ್ಟು, ಮಧ್ಯಾಹ್ನ ಮಾಮೂಲಿನಂತೆ ಅರ್ಧ ಮುದ್ದೆ, ಸೊಪ್ಪಿನ ಸಾರು ಊಟ ಮಾಡಿದೆ. ನಾಲ್ಕನೇ ದಿನ ತೂಕ 68.4ಕ್ಕೆ ಬಂದಿತ್ತು. ನಡುವೆ ಒಂದು ಹೊತ್ತಿನ ಊಟವನ್ನೂ ಬಿಟ್ಟಿರಲಿಲ್ಲ.