ಒಳಗೋಡೆಗೆ ರೋಲರೋ, ಸ್ಪ್ರೇ ಯಂತ್ರವೋ? ಮೊದಲು ಮುಚ್ಚುವ ಕೆಲಸ ಎಷ್ಟೆಂದು ನೋಡಿ

ಬಣ್ಣ ಬಳಿಯುವ ಗುತ್ತಿಗೆದಾರರು ಇತ್ತೀಚೆಗೆ ಚದರಡಿಯ ದರ ಹೇಳಿದ ಕೂಡಲೇ ‘ರೋಲರ್‌ನಲ್ಲಿ ಮಾಡಬೇಕೋ, ಮಷಿನ್‌ನಲ್ಲಿ ಹೊಡೆಯಬೇಕೋ’ ಎಂದು ಕೇಳುವುದುಂಟು. ಯಂತ್ರದಲ್ಲಾದರೆ ಒಂದು ಕೋಣೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ ಎಂಬ ಮಾತು ಸುಳ್ಳಲ್ಲ. ಆದರೆ ಆ ಅರ್ಧ ಗಂಟೆಯ ಹಿಂದೆ ಕಿಟಕಿ, ಸರಳು, ಸ್ವಿಚ್ ಬೋರ್ಡು, ಫ್ಯಾನು, ನೆಲಗಳನ್ನೆಲ್ಲ ಮುಚ್ಚುವ ಅರ್ಧ ದಿನವೂ, ಮುಂದೆ ಯಂತ್ರವನ್ನು ತೊಳೆಯುವ ಒಂದು ಗಂಟೆಯೂ ಇರುತ್ತವೆ. ಆದ್ದರಿಂದ ಯಾವುದು ವೇಗ ಎಂಬುದನ್ನು ಗೋಡೆ ನೋಡಿ ತೀರ್ಮಾನಿಸುವ ಬದಲು, ಬಣ್ಣ ತಾಗಬಾರದ ವಸ್ತುಗಳು ಮನೆಯಲ್ಲಿ ಎಷ್ಟಿವೆ ಎಂಬುದನ್ನು ನೋಡಿ ತೀರ್ಮಾನಿಸುವುದು ಸರಿಯಾದ ಕ್ರಮ.

ಗೋಡೆಗೆ ಸ್ಪ್ರೇ ಹೊಡೆಯುವ ಯೋಚನೆ ಹೊಸದೇನಲ್ಲ. 1887ರಲ್ಲಿ ಅಮೆರಿಕದ ಷಿಕಾಗೋದ ಒಂದು ದೊಡ್ಡ ಮಳಿಗೆಯ ನಿರ್ವಹಣೆ ನೋಡಿಕೊಳ್ಳುತ್ತಿದ್ದ ಜೋಸೆಫ್ ಬಿಂಕ್ಸ್ ನೆಲಮಾಳಿಗೆಯ ಗೋಡೆಗಳಿಗೆ ಸುಣ್ಣ ಹೊಡೆಯಲೆಂದೇ ಕೈಪಂಪಿನ ಯಂತ್ರವೊಂದನ್ನು ರೂಪಿಸಿದರು. ಇಂದು ಬಳಸುವ ರೋಲರ್ ಬಂದದ್ದು ಅದಾದ ಅರ್ಧ ಶತಮಾನದ ಮೇಲೆ, 1940ರ ಸುಮಾರಿಗೆ. ಹಾಗಿದ್ದೂ ನಮ್ಮ ಮನೆಗಳ ಒಳಗೆ ರೋಲರೇ ಗೆದ್ದಿರುವುದಕ್ಕೆ ಕಾರಣವಿದೆ: ಅದು ಬಣ್ಣವನ್ನು ಗಾಳಿಯಲ್ಲಿ ಹಾರಿಸುವುದಿಲ್ಲ.

ಮೊದಲ ಹೆಜ್ಜೆ: ಅಳತೆ

10 ಅಡಿಗೆ 12 ಅಡಿಯ, 10 ಅಡಿ ಎತ್ತರದ ಕೋಣೆಯೊಂದನ್ನು ತೆಗೆದುಕೊಳ್ಳೋಣ. ನಾಲ್ಕು ಗೋಡೆಗಳ ಸುತ್ತಳತೆ 44 ಅಡಿ. ಎತ್ತರದಿಂದ ಗುಣಿಸಿದರೆ 440 ಚದರಡಿ. ಏಳಡಿ ಎತ್ತರ, ಮೂರಡಿ ಅಗಲದ ಬಾಗಿಲಿಗೆ 21, ನಾಲ್ಕಡಿ ಚೌಕದ ಕಿಟಕಿಗೆ 16 ಕಳೆದರೆ ಸುಮಾರು 400 ಚದರಡಿ ಉಳಿಯುತ್ತದೆ. ಪುಟ್ಟಿ ಎಳೆದು, ಪ್ರೈಮರ್ ಬಳಿದ ಗೋಡೆಗೆ ಎರಡು ಕೋಟ್ ಎಮಲ್ಷನ್ (ನೀರು ಬೆರೆಸಿ ಬಳಸುವ ಗೋಡೆ ಬಣ್ಣ) ಹೊಡೆಯಲು ಲೀಟರಿಗೆ 50ರಿಂದ 70 ಚದರಡಿ ಎಂದು ಹಿಡಿದರೆ, ಗೋಡೆಗಳಿಗೆ ಮಾತ್ರ 6ರಿಂದ 8 ಲೀಟರ್ ಬೇಕು. ಇದು ರೋಲರಿನ ಲೆಕ್ಕ. ಸ್ಪ್ರೇಯಲ್ಲಿ ಮಂಜಿನಂತೆ ಹಾರಿಹೋಗುವ ಪಾಲು ಬೇರೆ ಇರುವುದರಿಂದ ನಾಲ್ಕರಲ್ಲಿ ಒಂದು ಪಾಲು ಹೆಚ್ಚಿಗೆ ಹಿಡಿದುಕೊಳ್ಳುವುದು ಕ್ಷೇಮ. ಬಣ್ಣ ನೀವು ತಂದುಕೊಟ್ಟು ಕೂಲಿ ಮಾತ್ರ ಗುತ್ತಿಗೆ ಕೊಟ್ಟಿದ್ದರೆ ಈ ಹೆಚ್ಚುವರಿ ಬಣ್ಣದ ಖರ್ಚು ನಿಮ್ಮದೇ ಎಂಬುದನ್ನು ಮಾತುಕತೆಯ ಹೊತ್ತಿಗೇ ನೆನಪಿಡಬೇಕು.

ಬಳಿಕ ಅದೇ ಕೋಣೆಯಲ್ಲಿ ಮುಚ್ಚಬೇಕಾದುದನ್ನು ಎಣಿಸಿ. ಜನ ವಾಸವಿರುವ ಮನೆಯಲ್ಲಿ ಕಬ್ಬಿಣದ ಸರಳಿನ ಕಿಟಕಿ, ಬಾಗಿಲ ಚೌಕಟ್ಟು, ಅಟ್ಟದ ಮೇಲಿನ ಪಾತ್ರೆ, ಗೋಡೆಗೇ ಕೂರಿಸಿದ ವಾರ್ಡ್‌ರೋಬು, ದೇವರ ಮನೆಯ ಕೆತ್ತನೆಯ ಬಾಗಿಲು ಎಲ್ಲವೂ ಪಟ್ಟಿಗೆ ಸೇರುತ್ತವೆ. ಸರಳುಗಳ ನಡುವೆ ಮಾಸ್ಕಿಂಗ್ ಟೇಪು ಅಂಟಿಸಿ ಪ್ಲಾಸ್ಟಿಕ್ ಹಾಳೆ ಕಟ್ಟುವುದೇ ಒಬ್ಬ ಮನುಷ್ಯನಿಗೆ ಸಾಕಷ್ಟು ಹೊತ್ತಿನ ಕೆಲಸ.

ಇದನ್ನು ನಾನು ಕಲಿತದ್ದು ಪೆಟ್ಟು ತಿಂದ ಮೇಲೆ. ನಮ್ಮ ಹಳೆಯ ಮನೆಯ ನಡುಮನೆಗೆ ಯಂತ್ರದಲ್ಲಿ ಬಣ್ಣ ಹೊಡೆಸಿದಾಗ ರೆಡ್ ಆಕ್ಸೈಡ್ ನೆಲಕ್ಕೆ ಹಳೆಯ ಪತ್ರಿಕೆ ಹಾಸಿದರೆ ಸಾಕೆಂದುಕೊಂಡಿದ್ದೆವು. ಮಂಜಿನಂತೆ ಇಳಿದ ಬಣ್ಣ ಹಾಳೆಗಳ ಸಂದಿನಿಂದ ನುಸುಳಿ, ಕೆಂಪು ನೆಲದ ಮೇಲೆ ಬಿಳಿಯ ಗೆರೆಗಳನ್ನು ಚೌಕಚೌಕವಾಗಿ ಬರೆದಿಟ್ಟಿತ್ತು. ಅದನ್ನು ತೆಂಗಿನ ನಾರಿನಿಂದ ಉಜ್ಜಿ ತೆಗೆಯುವುದಕ್ಕೆ ಎರಡು ಭಾನುವಾರ ಹಿಡಿದವು. ಪತ್ರಿಕೆಯಲ್ಲಿ ಬರೆಯುವವನೇ ಹೇಳುತ್ತಿದ್ದೇನೆ, ಪತ್ರಿಕೆಯನ್ನು ಈ ಕೆಲಸಕ್ಕೆ ನಂಬಬೇಡಿ. ಅಂಚನ್ನು ಟೇಪಿನಿಂದ ಬಿಗಿದ ಪ್ಲಾಸ್ಟಿಕ್ ಹಾಳೆಯೇ ಆಗಬೇಕು.

ಯಾವ ಯಂತ್ರ?

‘ಸ್ಪ್ರೇ’ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಯಂತ್ರಗಳು ಮಾರುಕಟ್ಟೆಯಲ್ಲಿವೆ. ಕೈಯಲ್ಲಿ ಹಿಡಿಯುವ, ಒಂದು ಲೀಟರಿನಷ್ಟು ಬಣ್ಣ ಹಿಡಿಸುವ ಡಬ್ಬಿಯಿರುವ ಚಿಕ್ಕ ಯಂತ್ರಗಳು ಅಗ್ಗ. ಆದರೆ ಎಮಲ್ಷನ್ನನ್ನು ಚೆನ್ನಾಗಿ ತೆಳುವಾಗಿಸದೆ ಅವುಗಳಿಂದ ಹೊಡೆಯಲಾಗದು, ಮೇಲೆ ಲೆಕ್ಕ ಹಾಕಿದ ಕೋಣೆಗೆ ಡಬ್ಬಿಯನ್ನು ಎಂಟು ಹತ್ತು ಬಾರಿಗೂ ಮಿಕ್ಕಿ ತುಂಬಬೇಕಾಗುತ್ತದೆ. ಬಾಗಿಲು, ಕುರ್ಚಿ, ಗೇಟುಗಳಿಗೆ ಅವು ಸರಿ. ಗೋಡೆಗೆ ಬೇಕಾದದ್ದು ‘ಏರ್‌ಲೆಸ್’ ಯಂತ್ರ. ಅದರ ಪಂಪು ಬಣ್ಣವನ್ನು 2000ದಿಂದ 3000 ಪಿಎಸ್‌ಐ (ಚದರ ಅಂಗುಲಕ್ಕೆ ಅಷ್ಟು ಪೌಂಡ್) ಒತ್ತಡದಲ್ಲಿ ಪೈಪಿಗೆ ತಳ್ಳುತ್ತದೆ, ಗನ್ನಿನ ತುದಿಯ ಸೂಕ್ಷ್ಮ ರಂಧ್ರದಿಂದ ಹೊರಬರುವಾಗ ಬಣ್ಣ ತಾನೇ ಹನಿಹನಿಯಾಗಿ ಒಡೆಯುತ್ತದೆ. ಗಾಳಿ ಬೆರೆಸುವ ಕಂಪ್ರೆಸರ್ ಇದಕ್ಕೆ ಬೇಕಿಲ್ಲ.

ಗನ್ನಿನ ತುದಿಗೆ ಹಾಕುವ ಟಿಪ್ಪಿನ ಮೇಲೆ ಮೂರು ಅಂಕಿಗಳಿರುತ್ತವೆ. 517 ಎಂದಿದ್ದರೆ ಮೊದಲ ಅಂಕಿ 5ನ್ನು ಎರಡರಿಂದ ಗುಣಿಸಿ: ಒಂದಡಿ ದೂರದಿಂದ ಹೊಡೆದಾಗ ಗೋಡೆಯ ಮೇಲೆ ಬೀಳುವ ಪಟ್ಟೆಯ ಅಗಲ 10 ಅಂಗುಲ. ಉಳಿದ 17 ಎಂದರೆ ರಂಧ್ರ ಒಂದು ಅಂಗುಲದ ಸಾವಿರದಲ್ಲಿ 17 ಭಾಗದಷ್ಟು. ಒಳಗೋಡೆಯ ಎಮಲ್ಷನ್ನಿಗೆ 515ರಿಂದ 519ರವರೆಗಿನ ಟಿಪ್ಪುಗಳು ಹೊಂದುತ್ತವೆ. ಬಳಸಿ ಸವೆದ ಟಿಪ್ಪಿನ ರಂಧ್ರ ಹಿಗ್ಗಿ, ಪಟ್ಟೆ ಕಿರಿದಾಗಿ, ಬಣ್ಣ ಹೆಚ್ಚು ಸುರಿಯುತ್ತದೆ. ಬಾಡಿಗೆಗೆ ತರುವವರು ಮೊದಲು ರಟ್ಟಿನ ಮೇಲೆ ಹೊಡೆದು ಪಟ್ಟೆಯನ್ನು ಅಳೆದು ನೋಡುವುದು ಒಳ್ಳೆಯದು.

ಗೋಡೆಯ ಸಿದ್ಧತೆ

ಇದು ಎರಡಕ್ಕೂ ಒಂದೇ. ತೇವ ಹಿಡಿದ ಗೋಡೆಯ ಸೋರಿಕೆ ನಿಲ್ಲಿಸದೆ ಯಾವುದರಲ್ಲಿ ಹೊಡೆದರೂ ಬಣ್ಣ ಎದ್ದು ಬರುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಹಳೆಯ ಬಣ್ಣದ ಸಿಪ್ಪೆ ಕೆರೆದು, ಪುಟ್ಟಿ ಎಳೆದು, ಉಪ್ಪುಕಾಗದದಿಂದ ಉಜ್ಜಿ, ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಪ್ರೈಮರ್ ಹಾಕಬೇಕು. ಗೋಡೆಗೆ ಹಿಂದೆ ಎಣ್ಣೆ ಬಣ್ಣ ಹೊಡೆದಿದ್ದರೆ ಒಣದಾಗಿ ಉಜ್ಜಬೇಡಿ. ಗೃಹಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90 ಭಾಗ) ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣದ ಧೂಳು ಮಕ್ಕಳಿರುವ ಮನೆಯಲ್ಲಿ ಹಾರಬಾರದು. ನೀರು ಹಚ್ಚಿ ಉಜ್ಜಿ, ಮಾಸ್ಕ್ ಧರಿಸಿ.

ರೋಲರಿನಲ್ಲಿ ಹೊಡೆಯುವ ಬಗೆ

ನುಣುಪಾದ ಪುಟ್ಟಿ ಗೋಡೆಗೆ ಸುಮಾರು 10 ಮಿಲಿಮೀಟರ್ ಎಳೆಯಿರುವ 9 ಅಂಗುಲದ ರೋಲರ್ ಸಾಕು. ಪುಟ್ಟಿಯಿಲ್ಲದ ಒರಟು ಗಾರೆಗೆ ಉದ್ದ ಎಳೆಯದು ಬೇಕು. ಹೊಸ ರೋಲರನ್ನು ನೀರಿನಲ್ಲಿ ತೊಳೆದು, ಅಂಟುಟೇಪು ಸುತ್ತಿ ಕಿತ್ತು, ಬಿಡಿ ಎಳೆಗಳನ್ನು ಮೊದಲೇ ತೆಗೆಯದಿದ್ದರೆ ಅವು ಗೋಡೆಗೆ ಅಂಟಿ ಒಣಗುತ್ತವೆ. ಬಣ್ಣಕ್ಕೆ ನೀರನ್ನು ಡಬ್ಬಿಯ ಮೇಲೆ ಮುದ್ರಿಸಿರುವಷ್ಟೇ ಬೆರೆಸಬೇಕು.

ಮೊದಲು ಮೂಲೆ, ಸೀಲಿಂಗಿನ ಅಂಚು, ಸ್ವಿಚ್ ಬೋರ್ಡಿನ ಸುತ್ತ ಬ್ರಷ್ಷಿನಿಂದ ನಾಲ್ಕು ಬೆರಳಗಲ ಬಳಿದುಕೊಳ್ಳಿ. ಆ ಅಂಚು ಹಸಿಯಿರುವಾಗಲೇ ರೋಲರ್ ಅದನ್ನು ತಲುಪಬೇಕು. ಆದ್ದರಿಂದ ನಾಲ್ಕೂ ಗೋಡೆಯ ಅಂಚನ್ನು ಒಮ್ಮೆಗೇ ಬಳಿದಿಡದೆ ಗೋಡೆಗೊಂದರಂತೆ ಮುಂದುವರಿಯುವುದು ಸರಿ. ಮೂರಡಿ ಅಗಲದ ಭಾಗವನ್ನು ಹಿಡಿದು, ಬಣ್ಣವನ್ನು ಓರೆಯಾಗಿ ಹರಡಿ, ಕೊನೆಗೆ ಭಾರ ಹಾಕದೆ ಮೇಲಿನಿಂದ ಕೆಳಕ್ಕೆ ಒಂದೇ ದಿಕ್ಕಿನಲ್ಲಿ ಎಳೆದು ಬಿಡಿ. ಫ್ಯಾನ್ ಹಾಕಬೇಡಿ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಂತೂ ಅಂಚು ಕಣ್ಣೆದುರೇ ಒಣಗುವುದರಿಂದ ಬೆಳಗಿನ ತಂಪಿನಲ್ಲೇ ಆರಂಭಿಸಬೇಕು. ಒಂದು ಕೋಟಿಗೆ ಎರಡು ಮೂರು ಗಂಟೆ, ನಡುವೆ ಒಣಗಲು ನಾಲ್ಕರಿಂದ ಆರು ಗಂಟೆ, ಮತ್ತೆ ಇನ್ನೊಂದು ಕೋಟು. ಅಲ್ಲಿಗೆ ಒಂದು ಕೋಣೆ ಒಂದು ದಿನದ ಕೆಲಸ. ಪಕ್ಕದ ಕೋಣೆಯಲ್ಲಿ ಮನೆಮಂದಿ ನೆಮ್ಮದಿಯಾಗಿ ಊಟ ಮಾಡಿಕೊಂಡಿರಬಹುದು.

ರೋಲರಿನ ದೋಷವೆಂದರೆ ಗೋಡೆಯ ಮೇಲೆ ಉಳಿಯುವ ಕಿತ್ತಳೆ ಸಿಪ್ಪೆಯಂಥ ತರಿ. ಮ್ಯಾಟ್ ಬಣ್ಣದಲ್ಲಿ ಅದು ಕಾಣುವುದಿಲ್ಲ. ಹೊಳಪಿನ ಬಣ್ಣದಲ್ಲಿ, ಗೋಡೆಗೆ ಒತ್ತಿ ಕೂರಿಸಿದ ಟ್ಯೂಬ್‌ಲೈಟಿನ ಕೆಳಗೆ, ಕಂಡೇ ಕಾಣುತ್ತದೆ.

ಯಂತ್ರದಲ್ಲಿ ಹೊಡೆಯುವ ಬಗೆ

ಬಣ್ಣವನ್ನು ಹಳೆಯ ನೈಲಾನ್ ಸೀರೆಯ ತುಂಡಿನಲ್ಲಿ ಸೋಸದೆ ಯಂತ್ರಕ್ಕೆ ಹಾಕಬಾರದು. ಕೆನೆಗಟ್ಟಿದ ಒಂದು ಚೂರು ಸಾಕು, ಟಿಪ್ಪು ಕಟ್ಟಿಕೊಳ್ಳುತ್ತದೆ. ರಟ್ಟಿನ ಮೇಲೆ ಹೊಡೆದಾಗ ಪಟ್ಟೆಯ ಎರಡೂ ಅಂಚಿನಲ್ಲಿ ದಪ್ಪ ಗೆರೆಗಳು ಮೂಡಿದರೆ ಒತ್ತಡ ಸಾಲದೆಂದು ಅರ್ಥ. ಅವು ಮಾಯವಾಗುವವರೆಗೆ ಮಾತ್ರ ಏರಿಸಿ, ಅದಕ್ಕಿಂತ ಹೆಚ್ಚಿಸಿದರೆ ಬಣ್ಣ ಹಾರುವುದಷ್ಟೇ ಲಾಭ. ಗನ್ನನ್ನು ಗೋಡೆಗೆ ನೇರವಾಗಿ ಒಂದಡಿ ದೂರದಲ್ಲಿ ಹಿಡಿದು, ಮಣಿಕಟ್ಟನ್ನು ತಿರುಗಿಸದೆ ಇಡೀ ತೋಳನ್ನು ಸರಿಸಬೇಕು. ಕೈ ಚಲಿಸಲು ತೊಡಗಿದ ಮೇಲೆ ಟ್ರಿಗರ್ ಒತ್ತಿ, ನಿಲ್ಲುವ ಮುನ್ನ ಬಿಡಬೇಕು. ಪ್ರತಿ ಪಟ್ಟೆಯೂ ಹಿಂದಿನದರ ಅರ್ಧವನ್ನು ಮುಚ್ಚಬೇಕು.

ಹೊಸ ಗೋಡೆಯ ಪ್ರೈಮರಿಗೂ ಮೊದಲ ಕೋಟಿಗೂ ಒಬ್ಬರು ಹೊಡೆಯುತ್ತಾ ಹೋದಂತೆ ಇನ್ನೊಬ್ಬರು ಹಿಂದೆಯೇ ಒಣ ರೋಲರ್ ಎಳೆಯುತ್ತಾ ಬರುವುದು ಅಗತ್ಯವೆಂದೇ ನನ್ನ ಅಭಿಪ್ರಾಯ. ಬಣ್ಣ ಗೋಡೆಯ ರಂಧ್ರಗಳಿಗೆ ಇಳಿಯುತ್ತದೆ. ಕೊನೆಯ ಕೋಟಿಗೂ ಹೀಗೆ ಮಾಡಿದರೆ ಮುಂದೆ ಮಕ್ಕಳು ಗೀಚಿದ ಜಾಗಕ್ಕೆ ರೋಲರಿನಲ್ಲಿ ತೇಪೆ ಹಾಕಿದಾಗ ಅದು ಬೇರೆಯಾಗಿ ಎದ್ದು ಕಾಣುವುದಿಲ್ಲ. ಬರೀ ಸ್ಪ್ರೇ ಹೊಡೆದ ನುಣುಪು ಗೋಡೆಯಲ್ಲಿ ತೇಪೆ ಅಡಗದು. ಗುತ್ತಿಗೆಯ ದರದಲ್ಲಿ ಈ ಎರಡನೆಯ ಆಳಿನ ಕೂಲಿ ಸೇರಿದೆಯೇ ಎಂದು ಕೇಳಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಟಿಪ್ಪು ಕಟ್ಟಿಕೊಂಡಾಗ ಬೆರಳಿಟ್ಟು ನೋಡುವುದು ಅಪಾಯಕಾರಿ. ಅಷ್ಟು ಒತ್ತಡದ ಬಣ್ಣ ಚರ್ಮವನ್ನು ತೂರಿ ಒಳಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ ಒಳಗೆ ಬೆರಳನ್ನೇ ಕಳೆದುಕೊಳ್ಳುವಷ್ಟು ಹಾನಿಯಾಗಬಹುದು. ಅಂಥದ್ದಾದರೆ ನೋವಿಲ್ಲವೆಂದು ಕಾಯದೆ ತಕ್ಷಣ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ಹೋಗಬೇಕು. ಯಂತ್ರ ಆರಿಸಿ, ಒತ್ತಡ ಇಳಿಸಿ, ಟ್ರಿಗರಿಗೆ ಬೀಗ ಹಾಕಿದ ಮೇಲಷ್ಟೇ ಟಿಪ್ಪನ್ನು ಬಿಚ್ಚಬೇಕು.

ಇನ್ನು ಕರೆಂಟಿನ ಮಾತು. ನಡುವೆ ವಿದ್ಯುತ್ ಹೋಗಿ ಗಂಟೆಗಟ್ಟಲೆ ಬರದಿದ್ದರೆ ಪೈಪಿನೊಳಗಿನ ಬಣ್ಣ ಗಟ್ಟಿಯಾಗತೊಡಗುತ್ತದೆ. ಕಾಲಿಂಚಿನ 50 ಅಡಿ ಪೈಪಿನಲ್ಲಿ ಸುಮಾರು ಅರ್ಧ ಲೀಟರ್ ಬಣ್ಣ ನಿಂತಿರುತ್ತದೆ. ಕೋಣೆಯ ಒಂದು ಗೋಡೆಗೆ ಮಾತ್ರ ಬೇರೆ ಬಣ್ಣ ಬೇಕೆನ್ನುವವರಿಗೆ ಯಂತ್ರ ಹೊಂದದಿರುವುದಕ್ಕೂ ಇದೇ ಕಾರಣ: ಬಣ್ಣ ಬದಲಾದಾಗಲೆಲ್ಲ ಪೈಪು ತೊಳೆಯಬೇಕು.

ಹಾಗಾದರೆ ಯಾವುದು?

ಟೈಲ್ಸ್, ಬಾಗಿಲು, ಸ್ವಿಚ್ಚು ಇನ್ನೂ ಕೂರದ ಹೊಸ ಮನೆ, ಒಂದೇ ಬಣ್ಣದ ಇಪ್ಪತ್ತು ಕೋಣೆಗಳ ಪಿ.ಜಿ., ಕಲ್ಯಾಣ ಮಂಟಪದ ಎತ್ತರದ ಸೀಲಿಂಗು, ರೋಲರ್ ಒಳಹೊಗದ ಜಾಲಿ ಗೋಡೆ ಇವೆಲ್ಲ ಯಂತ್ರದ ಕ್ಷೇತ್ರ. ಸಾಮಾನು ತುಂಬಿದ, ಜನರಿರುವ ಮನೆಯ ಒಂದೆರಡು ಕೋಣೆಗಳಿಗೆ ಯಂತ್ರ ತರಿಸುವುದು ನನಗಂತೂ ದುಡ್ಡು ದಂಡವೆನಿಸುತ್ತದೆ. ಹೊಸ ಮನೆಯವರು ಪ್ರೈಮರನ್ನೂ ಮೊದಲ ಕೋಟನ್ನೂ ಯಂತ್ರದಲ್ಲಿ ಹೊಡೆಸಿ, ಟೈಲ್ಸ್ ಬಾಗಿಲುಗಳೆಲ್ಲ ಕೂತ ಮೇಲೆ ಕೊನೆಯ ಕೋಟನ್ನು ರೋಲರಿನಲ್ಲಿ ಮಾಡಿಸುವ ದಾರಿಯೂ ಇದೆ.

ಯಾವುದರಲ್ಲೇ ಹೊಡೆಸಿ, ಉಳಿದ ಬಣ್ಣದಲ್ಲಿ ಅರ್ಧ ಲೀಟರನ್ನು ನೀರು ಬೆರೆಸದೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಬಣ್ಣದ ಸಂಖ್ಯೆ, ಕೋಣೆ, ದಿನಾಂಕವನ್ನು ಮುಚ್ಚಳದ ಮೇಲೆ ಬರೆದು, ತೊಳೆದು ಒಣಗಿಸಿದ 4 ಅಂಗುಲದ ರೋಲರ್ ಒಂದನ್ನು ಅದರ ಜೊತೆಯಲ್ಲೇ ಅಟ್ಟಕ್ಕೆ ಸೇರಿಸಿ.