ದಾನ ಬಂದ ವಸ್ತುವಿಗೆ ಬೆಲೆ ಹಾಕುವುದು ಹೇಗೆ?

ನಮ್ಮ ಬಡಾವಣೆಯ ಸೇವಾ ಸಂಸ್ಥೆಯೊಂದು ಬಳಸಿದ ವಸ್ತುಗಳ ಅಂಗಡಿ ನಡೆಸುತ್ತದೆ. ಜನ ಕೊಟ್ಟದ್ದನ್ನು ಮಾರಿ ಬಂದ ಹಣ ಮಕ್ಕಳ ಓದಿಗೆ ಹೋಗುತ್ತದೆ. ವಾರಕ್ಕೆರಡು ದಿನ ಬೆಲೆಚೀಟಿ ಬರೆಯುವ ಕೆಲಸ ನನ್ನದು. ಹೊಸದಾಗಿ ಸೇರಿದವರು ಸಾಮಾನ್ಯವಾಗಿ ಒಂದೇ ತಪ್ಪು ಮಾಡುತ್ತಾರೆ. ಕೊಟ್ಟವರು 'ಎಂಟು ಸಾವಿರದ ಸೀರೆ ಕಣ್ರೀ' ಅಂದರೆ ಸಾಕು, ನಾಲ್ಕು ಸಾವಿರ ಅಂತ ಬರೆದುಬಿಡುತ್ತಾರೆ. ಆ ಸೀರೆ ಆರು ತಿಂಗಳು ಅಲ್ಲೇ ನೇತಾಡುತ್ತದೆ.

1. ವಿಂಗಡಿಸಿ. ಹರಿದದ್ದು, ಒಳ ಉಡುಪು, ವೈರು ಬಿರುಕುಬಿಟ್ಟ ಮಿಕ್ಸಿ ಪಕ್ಕಕ್ಕಿಡಿ. ಬಳಸಿದ ಹೆಲ್ಮೆಟ್ ಎಷ್ಟೇ ಹೊಳೆಯುತ್ತಿದ್ದರೂ ಮಾರಬೇಡಿ. ಒಮ್ಮೆ ಬಿದ್ದಿದ್ದರೆ ಒಳಗಿನ ಪದರ ಕುಸಿದಿರಬಹುದು, ಹೊರಗೆ ಗೊತ್ತಾಗುವುದಿಲ್ಲ.

2. ರೇಷ್ಮೆ ಸೀರೆಯನ್ನು ಪೂರ್ತಿ ಬಿಚ್ಚಿ. ಜಾಸ್ತಿ ಜನ ಎಡವುವುದು ಇಲ್ಲೇ. ಕಿಟಕಿಯ ಬೆಳಕಿಗೆ ಹಿಡಿದು ಸೆರಗಿನಿಂದ ಕೊನೆಯವರೆಗೂ ನೋಡಿ. ವರ್ಷಗಟ್ಟಲೆ ಒಂದೇ ಮಡಿಕೆಯಲ್ಲಿಟ್ಟ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ. ಮಡಿಕೆಯ ಎರಡೂ ಬದಿ ಹಿಡಿದು ಮೆಲ್ಲಗೆ ಎಳೆಯಿರಿ. ಎಳೆ ಬಿಟ್ಟುಕೊಂಡರೆ ಅದು ಉಡುವ ಸೀರೆ ಅಲ್ಲ. 'ಲಂಗ ಹೊಲಿಸಲು' ಅಂತ ಚೀಟಿಯ ಮೇಲೆ ಬರೆದೇ ಮಾರಿ. ಮುಚ್ಚಿಟ್ಟು ಮಾರಿದರೆ ಆ ಗಿರಾಕಿ ಮತ್ತೆ ಬರುವುದಿಲ್ಲ.

ಜರಿ ಕಪ್ಪಾಗಿದೆ ಅಂತ ಅಗ್ಗ ಮಾಡಬೇಡಿ. ಬೆಳ್ಳಿ ಇರುವ ಜರಿಯೂ ಕಪ್ಪಾಗುತ್ತದೆ. ಪ್ಲಾಸ್ಟಿಕ್ ಜರಿ ವರ್ಷಗಳಾದರೂ ಹೊಳೆಯುತ್ತಲೇ ಇರುತ್ತದೆ. ಸರ್ಕಾರಿ ರೇಷ್ಮೆ ನಿಗಮವಾದ ಕೆಎಸ್‌ಐಸಿಯ ಮೈಸೂರು ಸಿಲ್ಕ್ ಸೀರೆಯಲ್ಲಿ ಗುರುತಿನ ಸಂಖ್ಯೆ ಇರುತ್ತದೆ. ಅದು ಕಂಡರೆ ಅನುಭವಸ್ಥರಿಗೆ ತೋರಿಸದೆ ಬೆಲೆ ಹಾಕಲೇಬೇಡಿ.

ಈಗ ಲೆಕ್ಕ. ಅಂಥದೇ ಹೊಸ ಸೀರೆಗೆ ಇವತ್ತು ಅಂಗಡಿಯಲ್ಲಿ ಎಷ್ಟಿದೆಯೋ ಅದರ ಕಾಲು ಭಾಗ. 8,000 ರೂಪಾಯಿಯದಾದರೆ 2,000. ಫಾಲ್ ಹಚ್ಚಿದ್ದು, ರವಿಕೆ ಬಟ್ಟೆ ಕತ್ತರಿಸದೆ ಹಾಗೇ ಇದ್ದರೆ ಮೂರನೇ ಒಂದು ಭಾಗದವರೆಗೂ ಹೋಗಬಹುದು. ಕಲೆ ಸೆರಗಿನಲ್ಲಿದ್ದರೆ ಬೆಲೆ ಅರ್ಧಕ್ಕಿಳಿಸಿ. ಉಟ್ಟಾಗ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಕಡೆ ಇದ್ದರೆ ನೂರಿನ್ನೂರು ಕಡಿಮೆ ಮಾಡಿದರೆ ಸಾಕು, ಯಾರಿಗೂ ಕಾಣುವುದಿಲ್ಲ.

3. ಚೀಟಿಯನ್ನು ದಾರದಲ್ಲಿ ಕಟ್ಟಿ. ಸೆರಗಿನ ಕುಚ್ಚಿಗೆ ಕಟ್ಟಿದರೆ ಬಟ್ಟೆಗೆ ಏನೂ ಆಗುವುದಿಲ್ಲ. ಬೇಗ ಮುಗಿಯಲಿ ಅಂತ ಕೆಲವರು ರೇಷ್ಮೆಗೆ ಸ್ಟೇಪ್ಲರ್ ಹೊಡೆಯುತ್ತಾರೆ. ಅದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅಗ್ಗದ ಅಂಟು ಸ್ಟಿಕ್ಕರ್ ಕೊಳ್ಳಲೇಬೇಡಿ. ಕಿತ್ತಾಗ ಪುಸ್ತಕದ ರಕ್ಷಾಪುಟವೂ ಜೊತೆಗೆ ಬರುತ್ತದೆ. ಪುಸ್ತಕಕ್ಕೆ ಮೊದಲ ಪುಟದಲ್ಲಿ ಪೆನ್ಸಿಲ್ ಸಾಕು. ಸ್ಟೀಲ್ ಪಾತ್ರೆಗೆ ಅಂಟು ಹಿಡಿದಿದ್ದರೆ ಕೊಬ್ಬರಿ ಎಣ್ಣೆ ಸವರಿ, ಸ್ವಲ್ಪ ಹೊತ್ತು ಬಿಟ್ಟು ಒರೆಸಿ.

4. ಹಿತ್ತಾಳೆ, ತಾಮ್ರವನ್ನು ತೂಗಿ. ಗುಜರಿಯವರು ಆ ದಿನ ಕೆ.ಜಿ.ಗೆ ಎಷ್ಟು ಕೊಡುತ್ತಾರೆ ಅಂತ ಫೋನ್ ಮಾಡಿ ಕೇಳಿ. ಅದಕ್ಕಿಂತ ಕಡಿಮೆ ಬರೆದರೆ ಪಾತ್ರೆ ಅಡುಗೆಮನೆಗಲ್ಲ, ಕರಗಿಸುವ ಒಲೆಗೆ ಹೋಗುತ್ತದೆ. ಹೋದ ತಿಂಗಳು ಒಂದು ಕೊಳಗ ಬಂತು. ಕಂಠದ ಸುತ್ತ ಯಾರದೋ ಹೆಸರು, ಮದುವೆಯ ತಾರೀಕು ಕೊರೆದಿತ್ತು. ಹೆಸರಿದೆ ಅಂತ ಹುಡುಗಿಯೊಬ್ಬಳು ಬೆಲೆ ಇಳಿಸಹೊರಟಿದ್ದಳು, ಬೇಡ ಅಂದೆ. ಕೊಂಡವರು ಆ ಹೆಸರನ್ನೇ ಓದಿ ಖುಷಿಪಟ್ಟು ಒಯ್ದರು.

5. ತಾರೀಕು ಹಾಕಿ. ಬ್ರಿಟನ್ನಿನ ಅನೇಕ ಚಾರಿಟಿ ಅಂಗಡಿಗಳಲ್ಲಿ ಚೀಟಿಯ ಮೇಲೆ ವಾರದ ಸಂಖ್ಯೆ ಬರೆಯುವ ರೂಢಿಯಿದೆ. ನಾವೂ ಹಾಗೇ ಮಾಡುತ್ತೇವೆ. ಮೂರು ವಾರಕ್ಕೆ ಹೋಗದಿದ್ದರೆ ಅರ್ಧ ಬೆಲೆ, ಇನ್ನೆರಡು ವಾರ ಕಳೆದರೆ ಅಂಗಡಿಯಿಂದಲೇ ತೆಗೆಯುತ್ತೇವೆ.

ಚೌಕಾಸಿ ಮಾಡುವವರು ಬಂದೇ ಬರುತ್ತಾರೆ. ಮುಖ ನೋಡಿ ಬೆಲೆ ಇಳಿಸಬೇಡಿ. 'ಪಾಪ' ಅಂತ ಸುಮ್ನೆ ಕೊಡಲೂ ಬೇಡಿ. ಮನೆಗೆಲಸಕ್ಕೆ ಹೋಗುವ ಒಬ್ಬರಿಗೆ ನಾನು ಹಾಗೆ ಸ್ವೆಟರ್ ಕೊಡಹೋದೆ. 'ದುಡ್ಡು ಕೊಟ್ಟೇ ತಗೊಳ್ತೀನಮ್ಮ' ಅಂತ ಅವರು ಸೆರಗಿನ ಗಂಟು ಬಿಚ್ಚಿದರು. ಅವತ್ತಿನಿಂದ ಬಾಗಿಲ ಪಕ್ಕ 20 ಮತ್ತು 50 ರೂಪಾಯಿಯ ಎರಡು ಬುಟ್ಟಿ ಇಟ್ಟಿದ್ದೇವೆ. ಮೇ ತಿಂಗಳಲ್ಲಿ ಶಾಲಾ ಬ್ಯಾಗು, ಸಮವಸ್ತ್ರ ಬಂದರೆ ಅವು ನೇರ ಅಲ್ಲಿಗೇ.